7ರಿಂದ 4, ಸಂದು ಚುಕ್ಕಿ

ಪ್ರೀತಿಯ ಕುಳ್ಳ,

ಹೋದ ವಾರ ಫೋನಿನಲ್ಲಿ "ಬೆಳಗ್ಗೆ ಐದೂವರೆಗೆ ಎದ್ದು ಏನ್ ಮಾಡ್ತೀಯೋ?" ಅಂತ ಕೇಳಿದೆಯಲ್ಲ, ವಾಕಿಂಗ್ ಅಂದೆ. ಸುಳ್ಳು. ರಂಗೋಲಿ ಹಾಕುತ್ತೇನೆ ಕಣೋ. ಇದನ್ನು ಓದುವ ನಮ್ಮ ಉಳಿದ ಹುಡುಗರಿಗೂ ಗೊತ್ತಾಗಲಿ ಅಂತಲೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ದಸರಾ ಮುಗಿದ ವಾರ ಅಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. 6 ವಾರ ಪ್ಲಾಸ್ಟರ್. ಅಡುಗೆ, ಪಾತ್ರೆ ಹೇಗೋ ನಡೆಯಿತು. ಅವಳಿಗೆ ಅದರ ಚಿಂತೆಯೇ ಇರಲಿಲ್ಲ. "ಬಾಗಿಲು ಬೋಳು ಬೋಳಾಗಿದೆ" ಅನ್ನುವುದೊಂದೇ ಗೋಳು. ಎದುರುಮನೆಯವರು ನಾವು ಹಾಕಿಕೊಡ್ತೀವಿ ಅಂದರೆ ಬೇಡ ಅಂದಳು. ಮೂರನೇ ದಿನ ನಾನೇ ನೀರು ಚೆಲ್ಲಿ, ಗುಡಿಸಿ, ಕುಕ್ಕರಗಾಲಲ್ಲಿ ಕೂತೆ.

ಪುಡಿ ಹಿಡಿಯುವುದೇ ಒಂದು ವಿದ್ಯೆ. ಹೆಬ್ಬೆರಳು, ತೋರುಬೆರಳಿನ ನಡುವೆ ಚಿಟಿಕೆ ಹಿಡಿದು ಸಣ್ಣಗೆ ಸಡಿಲ ಬಿಡಬೇಕು. ಜಾಸ್ತಿ ಬಿಟ್ಟರೆ ಗೆರೆ ಹಗ್ಗದಷ್ಟು ದಪ್ಪ. ಹೆದರಿ ಹಿಡಿದರೆ ಅಲ್ಲಲ್ಲಿ ತುಂಡು. ನೆಲ ತೀರಾ ಒದ್ದೆ ಇದ್ದರೆ ಚುಕ್ಕಿ ಕದಡುತ್ತದೆ, ಪೂರ್ತಿ ಆರಿದರೆ ಗಾಳಿಗೆ ಹಾರುತ್ತದೆ. ಅಮ್ಮ ಹೊಸಿಲ ಒಳಗೆ ಮಣೆ ಹಾಕಿಕೊಂಡು ಕೂತು ಹೇಳಿಕೊಟ್ಟಳು. ಮೊದಲ ಪಾಠ "7ರಿಂದ 4, ಸಂದು ಚುಕ್ಕಿ". ನಡುವಿನ ಸಾಲಿಗೆ 7. ಅದರ ಮೇಲೂ ಕೆಳಗೂ, ಎರಡೆರಡು ಚುಕ್ಕಿಗಳ ಸಂದಿಗೆ ಸರಿಯಾಗಿ 6, ಆಮೇಲೆ 5, ಆಮೇಲೆ 4. ಒಟ್ಟು 37. ಸ್ಕೇಲಿಲ್ಲ, ದಾರವಿಲ್ಲ, ಬರೀ ಕಣ್ಣಳತೆ. ಒಂದು ಚುಕ್ಕಿ ಒಂದು ಬೆರಳಿನಷ್ಟು ಆಚೆ ಹೋದರೂ ಕೊನೆಗೆ ಹೂವಿನ ಒಂದು ದಳ ಊದಿಕೊಳ್ಳುತ್ತದೆ. ನನ್ನದು ಊದಿಕೊಂಡಿತು. ಅಳಿಸಲು ಹೋದೆ. "ಇರು, ಆ ದಳದ ಪಕ್ಕ ಒಂದು ಮೊಗ್ಗು ಬಿಡು" ಅಂದಳು ಅಮ್ಮ. ಬಿಟ್ಟೆ. ಸರಿಹೋಯಿತು! ಯಾವ ಪುಸ್ತಕದಲ್ಲೂ ಇಲ್ಲದ ರಂಗೋಲಿ ಅದು. ಆವತ್ತು ಆಫೀಸಿನಲ್ಲಿ ಎಷ್ಟು ಸಲ ಅದರ ಫೋಟೋ ತೆಗೆದು ನೋಡಿದೆನೋ.

ನೀನು ಕಂಪ್ಯೂಟರ್ ಓದಿದವನು, ಇದು ನಿನಗೆ ಖುಷಿ ಕೊಡುತ್ತದೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ದಂಪತಿ ಮತ್ತು ಜೊತೆಗಾರರು 1974ರಲ್ಲೇ ಕೋಲಂ, ಅಂದರೆ ತಮಿಳರ ರಂಗೋಲಿ, ಅದರ ಬಗ್ಗೆ ಪ್ರಬಂಧ ಬರೆದಿದ್ದಾರೆ. ಮಾತಿಗೆ ವ್ಯಾಕರಣ ಇರುವ ಹಾಗೆ ಆ ಗೆರೆಗಳಿಗೂ ವ್ಯಾಕರಣ ಬರೆಯಬಹುದು. ಕೆಲವೇ ನಿಯಮ ಸಾಕು, ಚಿತ್ರ ಬೆಳೆಯುತ್ತಲೇ ಹೋಗುತ್ತದೆ. ಅಮ್ಮನಿಗೆ ಹೇಳಿದೆ. "37 ಚುಕ್ಕೀಲಿ ಎಷ್ಟು ಬರತ್ತೆ ಅಂತ ಬರೆದಿದಾರಾ?" ಅಂತ ಕೇಳಿದಳು. ಅವಳಿಗೆ 18 ಬರುತ್ತವಂತೆ.

ಈಗ ಎಲ್ಲಿ ಹೋದರೂ ಕಣ್ಣಿಗೆ ಅದೇ. ಫುಟ್‌ಪಾತಿನ ಆರು ಮೂಲೆಯ ಕಲ್ಲುಗಳು ಸಂದು ಚುಕ್ಕಿ. ಬ್ಯಾಂಕಿನ ಕಿಟಕಿ ಗ್ರಿಲ್ಲು ನೇರ ಚುಕ್ಕಿ, 5ಕ್ಕೆ 5. ದೇವರಾಜ ಮಾರುಕಟ್ಟೆಯಲ್ಲಿ ನಿಂಬೆಹಣ್ಣು ಪೇರಿಸುವ ಹುಡುಗ ಮೇಲಿನ ಹಣ್ಣನ್ನು ಕೆಳಗಿನವುಗಳ ಸಂದಿಗೇ ಕೂರಿಸುತ್ತಾನೆ. ನಿಂತು ನೋಡುತ್ತಿದ್ದೆ, "ಏನ್ ಸಾರ್, ಎಷ್ಟ್ ಕೊಡ್ಲಿ?" ಅಂದ. ವರ್ಷಗಟ್ಟಲೆ ಓಡಾಡಿದ ದಾರಿ ಕುಳ್ಳ, ಇಷ್ಟೆಲ್ಲ ಇತ್ತು ಅಂತ ಗೊತ್ತೇ ಇರಲಿಲ್ಲ.

ಇಲ್ಲಿಗೆ ಮುಗಿಸೋಣ ಅಂದುಕೊಂಡಿದ್ದೆ. ಆಗುತ್ತಿಲ್ಲ.

ಅಮ್ಮನ ಪ್ಲಾಸ್ಟರ್ ಬಿಚ್ಚಿ ತಿಂಗಳಾಯಿತು. ಕೈ ಚೆನ್ನಾಗಿದೆ, ಚಪಾತಿ ಲಟ್ಟಿಸುತ್ತಾಳೆ. ಆದರೂ ನಾನು ಅವಳಿಗಿಂತ ಮುಂಚೆ ಎದ್ದು ರಂಗೋಲಿ ಡಬ್ಬಿ ತೆಗೆದುಕೊಳ್ಳುತ್ತೇನೆ. ಅವಳ ಮಂಚ ಕಿರುಗುಟ್ಟಿದರೆ ಬೇಗ ಬೇಗ ಚುಕ್ಕಿ ಇಡುತ್ತೇನೆ. "ಚಳಿ ಇದೆ, ಒಳಗಿರಮ್ಮ" ಅನ್ನುತ್ತೇನೆ. ಚಳಿ ಸುಮ್ನೆ ನೆಪ. ಆ ಅರ್ಧ ಗಂಟೆ ನನಗೆ ಬೇಕು. ಈಗ ಧನುರ್ಮಾಸ ಬೇರೆ. ಅರ್ಧ ಬೀದಿ ತುಂಬುವಂಥದ್ದು ಹಾಕಲು ಅವಳು ವರ್ಷವೆಲ್ಲ ಕಾಯುವ ತಿಂಗಳು.

ಮೊನ್ನೆ ಹಾಲು ತೆಗೆದುಕೊಂಡು ಬಂದೆ. ಅಮ್ಮ ಅಡುಗೆಕಟ್ಟೆಯ ಮೇಲೆ ಉದುರಿದ ಗೋಧಿಹಿಟ್ಟಿನಲ್ಲಿ ಬೆರಳಿಂದ ಚುಕ್ಕಿ ಇಡುತ್ತಿದ್ದಳು. ನನ್ನನ್ನು ನೋಡಿದ ತಕ್ಷಣ ಅಂಗೈಯಿಂದ ಒರೆಸಿಬಿಟ್ಟಳು.

ಅಜ್ಜಿಯ ಮಡಿ, ಅಪ್ಪನ ಕಾಫಿ, ನಮ್ಮ ಊಟದ ಡಬ್ಬಿ ಎಲ್ಲ ಶುರುವಾಗುತ್ತಿದ್ದುದು ರಂಗೋಲಿ ಆದಮೇಲೆ. ದಿನದಲ್ಲಿ ಅವಳದ್ದು ಅಂತ ಇದ್ದ ಹೊತ್ತು ಅದೊಂದೇ. ನಾವಿಬ್ಬರೂ ಅದರ ಮೇಲೇ ಸೈಕಲ್ ಹತ್ತಿಸಿಕೊಂಡು ಹೋಗುತ್ತಿದ್ದೆವು, ನೆನಪಿದೆಯಾ? ಒಂದು ದಿನವೂ ಬೈಯಲಿಲ್ಲ. ಅದನ್ನೇ ಈಗ ಸಹಾಯ ಅನ್ನುವ ಹೆಸರಲ್ಲಿ ಕಿತ್ತುಕೊಂಡು ಕೂತಿದ್ದೇನೆ. ಅಮ್ಮನಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ, ನಿನಗೆ ಹೇಳುತ್ತಿದ್ದೇನೆ.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ, ಇರಲಿ. ಇವತ್ತು ರಾತ್ರಿ ಡಬ್ಬಿಯನ್ನು ಅವಳ ಮಂಚದ ಪಕ್ಕ ಇಟ್ಟಿದ್ದೇನೆ. ಹಿತ್ತಲಲ್ಲಿ ತುಳಸಿಕಟ್ಟೆಯ ಮುಂದೆ ಒಂದೂವರೆ ಅಡಿ ಜಾಗ ಇದೆ. 5ರಿಂದ 3 ಆರಾಮಾಗಿ ಹಿಡಿಯುತ್ತದೆ.

ಸಂಕ್ರಾಂತಿಗೆ ಬಾರೋ. ಗೇಟಿನ ಹತ್ತಿರವೇ ಗಾಡಿ ನಿಲ್ಲಿಸಿ ಇಳಿ. ಮತ್ತೆ ಆ ಮೂರನೇ ಜಾಮೂನಿನ ವಿಷಯ ಅಮ್ಮ ಇನ್ನೂ ಮರೆತಿಲ್ಲ, ತಯಾರಾಗಿ ಬಾ.

ನಿನ್ನ,
ಹಿಂದಿನ ಬೆಂಚು