ಕರೆಂಟ್ ತೆಗೆಯುವುದನ್ನು ಹಿಂದಿನ ದಿನವೇ ಹೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಕೆಳಮೂಲೆಯಲ್ಲಿ ‘ಇಂದು ವಿದ್ಯುತ್ ವ್ಯತ್ಯಯ’ ಎಂದು ಬರುವ ನಾಲ್ಕು ಸಾಲನ್ನು ನಾನು ಮುಖಪುಟಕ್ಕಿಂತ ಮೊದಲು ಓದುತ್ತೇನೆ. ತೀರ್ಥಹಳ್ಳಿಯಲ್ಲಿ ಬ್ಲೌಸ್ ಹೊಲಿಯುವವಳು ನಾನು. ನನ್ನ ಮಷಿನ್ ಕಾಲಲ್ಲಿ ತುಳಿಯುವುದು. ಕರೆಂಟ್ ಹೋದರೆ ಕಿಟಕಿ ಪಕ್ಕಕ್ಕೆ ಎಳೆದುಕೊಂಡು ಹೊಲಿಯುತ್ತೇನೆ. ಕರೆಂಟಿನ ಚಿಂತೆ ಇರುವುದು ಹಾಲ್‌ನಲ್ಲಿರುವ ಎರಡೂವರೆ ಅಡಿ ಉದ್ದದ ಮೀನಿನ ತೊಟ್ಟಿಗೆ. ಅದರ ನೀರಿಗೆ ಗಾಳಿ ಊದುವ ಏರ್ ಪಂಪ್, ನೀರು ಸೋಸುವ ಫಿಲ್ಟರ್ ಎರಡೂ ಓಡುವುದು ಕರೆಂಟಿನಲ್ಲೇ.

ತೊಟ್ಟಿ ಮೊಮ್ಮಗನದು. ಶಿವಮೊಗ್ಗದಿಂದ ತಂದದ್ದು, ಸುಮಾರು 80 ಲೀಟರ್ ನೀರು ಹಿಡಿಯುತ್ತದೆ. ನಾಲ್ಕು ಗೋಲ್ಡ್‌ಫಿಶ್, ಎರಡು ಗೌರಾಮಿ. ಅಂಗಡಿಯವರು ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಮುಚ್ಚುವ ಕಪ್ಪೆಚಿಪ್ಪು ಎಲ್ಲವನ್ನೂ ಮಾರಿದರು. ಕರೆಂಟ್ ಹೋದರೆ ಏನು ಮಾಡಬೇಕು ಎಂದು ಮಾತ್ರ ಒಂದು ಮಾತು ಹೇಳಲಿಲ್ಲ. ಮಲೆನಾಡಿನವರಿಗೆ ಮೀನು ಮಾರುವವರು ಮೊದಲು ಹೇಳಬೇಕಾದದ್ದೇ ಅದು.

ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದು ದಿನ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇಲ್ಲ ಎಂದು ಅವತ್ತಿನ ಪತ್ರಿಕೆಯಲ್ಲೇ ಬಂದಿತ್ತು. ನಾನು ಅಷ್ಟು ಹೊತ್ತಿಗಾಗಲೇ ಮದುವೆ ಮನೆಯ ಬಟ್ಟೆ ಕೊಡಲು ಕೊಪ್ಪದ ಬಸ್ಸು ಹತ್ತಿಯಾಗಿತ್ತು. ಶಾಲೆಗೆ ರಜೆ, ಹುಡುಗ ಮನೆಯಲ್ಲಿದ್ದ. ಮಧ್ಯಾಹ್ನದ ಹೊತ್ತಿಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಡಿಯತೊಡಗಿವೆ. ಶೃಂಗೇರಿಗೆ ಹೋದಾಗಲೆಲ್ಲ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕಿದ ಹುಡುಗ ಅವನು. ಮೀನು ಮೇಲೆ ಬಂದು ಬಾಯಿ ತೆರೆದರೆ ಹಸಿವು ಎಂದೇ ಅವನ ಲೆಕ್ಕ. ಡಬ್ಬಿಯಲ್ಲಿದ್ದ ಕಾಳನ್ನು ಹಿಡಿ ಹಿಡಿಯಾಗಿ ಹಾಕಿದ. ಅವು ಒಂದನ್ನೂ ಮುಟ್ಟಲಿಲ್ಲ. ಸಂಜೆ ನಾನು ಬಂದಾಗ ನೀರು ಅಕ್ಕಿ ತೊಳೆದ ಕಲಗಚ್ಚಿನಂತಾಗಿತ್ತು, ಎರಡು ಗೋಲ್ಡ್‌ಫಿಶ್ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ನನ್ನ ಮಗಳು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ. ಹುಡುಗನಿಗೆ ಬಯ್ಯದೆ ಲೆಕ್ಕ ಬರೆದು ತೋರಿಸಿದಳು. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, 30 ಡಿಗ್ರಿಯಲ್ಲಿ ಏಳೂವರೆ. ಸೆಕೆಗೆ ನೀರಿನಲ್ಲಿ ಉಸಿರೇ ಕಡಿಮೆ. ಮೇಲೆ ಹಾಕಿದ ಕಾಳು ಕೊಳೆಯುವಾಗ ಇದ್ದ ಉಸಿರನ್ನೂ ಅದೇ ಕುಡಿಯುತ್ತದೆ. ಗೌರಾಮಿಗಳು ಉಳಿದದ್ದು ಹೇಗೆಂದರೆ ಅವು ಬಾಯಿಂದ ಗಾಳಿಯನ್ನೇ ಎಳೆದುಕೊಂಡು ಬದುಕಬಲ್ಲವು. ಗೋಲ್ಡ್‌ಫಿಶ್‌ಗೆ ಅದು ಸಾಲದು. ತುಂಗೆಯ ಮೀನಿಗಾದರೆ ಹರಿಯುವ ಹೊಳೆಯೇ ಪಂಪು.

ಅವತ್ತಿನ ಅನಾಹುತ ಅಷ್ಟಕ್ಕೇ ನಿಲ್ಲಲಿಲ್ಲ. ಏರ್ ಪಂಪನ್ನು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೆವು. ಪಂಪ್ ನಿಂತಾಗ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿನೊಳಗೆ ಹೋಗಿತ್ತು. ಕರೆಂಟ್ ಬಂದ ಕೂಡಲೇ ಚಟ್ ಎಂದು ಫ್ಯೂಸ್ ಹೋಯಿತು. ಈಗ ಪಂಪ್ ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಯ ಮೊಳೆಗೆ ನೇತಾಡುತ್ತಿದೆ. ಪೈಪಿನ ನಡುವೆ ಸಿಕ್ಕಿಸುವ, ನೀರನ್ನು ಹಿಂದಕ್ಕೆ ಬಿಡದ ನಾನ್‌ರಿಟರ್ನ್ ವಾಲ್ವ್ ಎಂಬ ಪುಟ್ಟ ಸಾಮಾನನ್ನೂ ಹಾಕಿದ್ದೇನೆ. ಅದರ ಬೆಲೆ ಒಂದು ಬ್ಲೌಸಿನ ಹುಕ್ಕು ದಾರದ ಖರ್ಚಿನಷ್ಟೂ ಇಲ್ಲ.

ಮನೆಯಲ್ಲಿ ಇನ್ವರ್ಟರ್ ಇದ್ದವರು ‘ನಮಗೇನು’ ಎನ್ನಬಹುದು. ನಮ್ಮಲ್ಲೂ ಇತ್ತು. ಆದರೆ ಹಳೇ ವೈರಿಂಗ್‌ನಲ್ಲಿ ಇನ್ವರ್ಟರ್ ಲೈನ್ ಬರೀ ಲೈಟು, ಫ್ಯಾನಿಗೆ. ತೊಟ್ಟಿಯ ಪ್ಲಗ್ ಅದರಲ್ಲಿ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಒಂದು ಪಾಯಿಂಟ್ ಎಳೆಸಿದೆ. ಸಣ್ಣ ಏರ್ ಪಂಪ್ ತಿನ್ನುವುದು ಮೂರರಿಂದ ಐದು ವ್ಯಾಟ್, ಹಳೇ ಝೀರೋ ಬಲ್ಬಿಗಿಂತ ಕಡಿಮೆ. ನೀರು ಬಿಸಿ ಮಾಡುವ ಹೀಟರನ್ನು ಮಾತ್ರ ಅದಕ್ಕೆ ಸಿಕ್ಕಿಸಬೇಡಿ. ಬ್ಯಾಟರಿ ಬೇಗ ಬರಿದಾಗುತ್ತದೆ.

ಆಷಾಢದಲ್ಲಿ ಪರೀಕ್ಷೆ ಬಂತು. ಗಾಳಿಮಳೆಗೆ ಮರ ಬಿದ್ದು ಸೋಮವಾರ ಸಂಜೆ ಹೋದ ಕರೆಂಟ್ ಬಂದದ್ದು ಬುಧವಾರ ಮಧ್ಯಾಹ್ನ. (ಆ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗಳ ಮೇಲೆ ನನ್ನ ದೂರಿಲ್ಲ, ಅವರಿಗೆ ಕೈ ಮುಗಿಯುತ್ತೇನೆ.) ಇನ್ವರ್ಟರ್ ಒಂದು ರಾತ್ರಿಗೇ ಕೈ ಎತ್ತಿತು. ಆಮೇಲೆ ಎರಡು ದೊಡ್ಡ ಟಾರ್ಚ್ ಸೆಲ್ ಹಾಕಿ ನಡೆಸುವ ಪಂಪನ್ನು ಒಂದು ಗಂಟೆ ಓಡಿಸಿ ಒಂದು ಗಂಟೆ ನಿಲ್ಲಿಸಿದೆವು. ಸೆಲ್ ಮುಗಿದ ಮೇಲೆ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಒಂದಡಿ ಮೇಲಿಂದ ಸುರಿಯುವ ಕೆಲಸ, ಕಾಲು ಗಂಟೆಗೊಮ್ಮೆ. ಮೊಮ್ಮಗ ಎಣಿಸಿಕೊಂಡು ಸುರಿದ. ಮಳೆಗಾಲದ ಥಂಡಿ ಗೌರಾಮಿಗೆ ಆಗುವುದಿಲ್ಲ. ಹೊಲಿಗೆಯಲ್ಲಿ ಉಳಿದ ಚಿಂದಿಯಿಂದ ಒಂದು ಕೌದಿ ಹೊಲಿದು ತೊಟ್ಟಿಯ ಮೂರು ಬದಿಗೆ ಸುತ್ತಿದೆ. ಕಾಳಿನ ಡಬ್ಬಿಯನ್ನು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಆರೋಗ್ಯವಾಗಿರುವ ಮೀನು ಎರಡು ಮೂರು ದಿನದ ಉಪವಾಸಕ್ಕೆ ಸಾಯುವುದಿಲ್ಲ. ತೊಟ್ಟಿಗೆ ಬೇಕಾದೀತೆಂದು ಬಾವಿಯಿಂದ ಎರಡು ಕೊಡ ನೀರು ಸೇದಿ ಮೊದಲೇ ಇಟ್ಟುಕೊಂಡಿದ್ದೆ. ಕರೆಂಟ್ ಇಲ್ಲದಾಗ ಮೋಟಾರೂ ಓಡುವುದಿಲ್ಲವಲ್ಲ. ನಲ್ಲಿ ನೀರಿನವರು ಕ್ಲೋರಿನ್ ಆರಲು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಡಬೇಕು.

ಕರೆಂಟ್ ಬಂದ ಮೇಲೆ ಫಿಲ್ಟರನ್ನು ಹಾಗೇ ಚಾಲೂ ಮಾಡಬಾರದು ಎಂಬುದು ಏಪ್ರಿಲ್‌ನಲ್ಲೇ ಕಲಿತಾಗಿತ್ತು. ನೀರನ್ನು ಶುದ್ಧ ಮಾಡುವ ಸೂಕ್ಷ್ಮಜೀವಿಗಳು ಇರುವುದು ಅದರ ಸ್ಪಂಜಿನಲ್ಲಿ. ಗಂಟೆಗಟ್ಟಲೆ ನೀರು ಹರಿಯದಿದ್ದರೆ ಅವೂ ಉಸಿರುಗಟ್ಟಿ ಸಾಯುತ್ತವೆ, ಒಳಗೆ ಕೊಳೆತ ವಾಸನೆ ಬರುತ್ತದೆ. ಸ್ವಿಚ್ ಒತ್ತಿದರೆ ಆ ಕಪ್ಪು ನೀರೆಲ್ಲ ಮೀನಿನ ಮುಖಕ್ಕೆ. ಈ ಸಲ ಪ್ಲಗ್ ಮೊದಲೇ ಕಿತ್ತಿಟ್ಟಿದ್ದೆ. ತೊಟ್ಟಿಯದೇ ಒಂದು ಬಕೆಟ್ ನೀರಿನಲ್ಲಿ, ಸೋಪು ಮುಟ್ಟಿಸದೆ, ಸ್ಪಂಜನ್ನು ಹಿಂಡಿ ಜೋಡಿಸಿ ಆಮೇಲೆ ಹಾಕಿದೆ. ನಾಲ್ಕು ಮೀನೂ ಉಳಿದವು.

ಮರ ಬೀಳುವುದನ್ನು ಯಾರೂ ಮೊದಲೇ ಹೇಳಲಾರರು. ಆದರೆ ದುರಸ್ತಿಗೆಂದು ತೆಗೆಯುವ ಕರೆಂಟ್ ಯಾವತ್ತು ಎಂಬುದು ತೆಗೆಯುವವರಿಗೆ ಮುಂಚೆಯೇ ಗೊತ್ತಿರುತ್ತದೆ. ಅದನ್ನು ಹಿಂದಿನ ದಿನವೇ ಪತ್ರಿಕೆಗಳಿಗೆ ಕೊಡಲಿ, ನೀವೂ ‘ನಾಳೆ ವಿದ್ಯುತ್ ವ್ಯತ್ಯಯ’ ಎಂದು ಸ್ವಲ್ಪ ದಪ್ಪಕ್ಷರದಲ್ಲಿ ಹಾಕಿ. ಮೀನಿನ ತೊಟ್ಟಿ ಎಂದರೆ ಶೋಕಿ ಎಂದು ನಗುವವರಿದ್ದಾರೆ, ನಗಲಿ. ಅದೇ ಸುದ್ದಿ ಫ್ರಿಜ್ಜಿನಲ್ಲಿ ಇನ್ಸುಲಿನ್ ಇಟ್ಟವರಿಗೂ ಬೇಕು, ಹಿಟ್ಟಿನ ಗಿರಣಿಯವರಿಗೂ ಬೇಕು. ರಾತ್ರಿಯೇ ಗೊತ್ತಾದರೆ ಬೆಳಿಗ್ಗೆ ನಾನು ಕಾಳು ಹಾಕುವುದಿಲ್ಲ, ಸೆಲ್ ತಂದಿಟ್ಟಿರುತ್ತೇನೆ, ಕೊಪ್ಪದ ಬಸ್ಸು ಹತ್ತುವುದನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತೇನೆ.

– ಒಬ್ಬ ಓದುಗಾರ್ತಿ, ತೀರ್ಥಹಳ್ಳಿ