ಸೇನೆ ಬಂದಾಗ ಸಿಹಿ ಹಂಚುವವರು

ಚಿಂತಾಮಣಿ

ಚಿರಂಜೀವಿ ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಹಬ್ಬದ ದಿನ ನೀನು 'ಈ ದೇಶಕ್ಕೆ ಐದು ವರ್ಷ ಮಿಲಿಟರಿ ಆಡಳಿತ ಬರಬೇಕು' ಎಂದಾಗ ಪಂಕ್ತಿಯಲ್ಲಿ ಕುಳಿತಿದ್ದ ಬಹುಪಾಲು ಮಂದಿ ತಲೆಯಾಡಿಸಿದರು. ಊಟದ ನಡುವೆ ವಾದ ಬೇಡವೆಂದು ಸುಮ್ಮನಿದ್ದೆ. ಈಗ ನಿಧಾನವಾಗಿ ಬರೆಯುತ್ತಿದ್ದೇನೆ.

ಹೀಗೆನ್ನುವವರು ಮೂರ್ಖರೆಂದು ನಾನು ತಿಳಿದಿಲ್ಲ. 1999ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಸೇನಾ ಮುಖ್ಯಸ್ಥ ಮುಷರಫ್ ಅಧಿಕಾರ ಹಿಡಿದಾಗ, ಪದಚ್ಯುತ ಪ್ರಧಾನಿ ನವಾಜ್ ಷರೀಫರ ಸ್ವಂತ ಊರಾದ ಲಾಹೋರಿನಲ್ಲೇ ಜನ ಸಿಹಿ ಹಂಚಿದರು. 1967ರಿಂದ ಒಂದೇ ಕುಟುಂಬದ ಕೈಯಲ್ಲಿದ್ದ ಆಫ್ರಿಕಾದ ಗ್ಯಾಬೊನ್‌ನಲ್ಲಿ 2023ರಲ್ಲಿ ಸೈನಿಕರು ಅಧ್ಯಕ್ಷರನ್ನು ಕೆಳಗಿಳಿಸಿದಾಗ ರಾಜಧಾನಿಯ ಬೀದಿಗಳಲ್ಲಿ ಕುಣಿತವೇ ನಡೆಯಿತು. ಆ ಸಂಭ್ರಮ ಹೋದವನು ಹೋದನೆಂಬುದಕ್ಕೆ. ಬಂದವನ ಗುಣವೇನೆಂದು ಅಂದು ಯಾರಿಗೂ ತಿಳಿದಿರುವುದಿಲ್ಲ, ಆದರೂ ಆ ಚಪ್ಪಾಳೆಯನ್ನು ಅವನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ.

ಮುಷರಫ್‌ಗಿಂತ ಮೊದಲೇ, 1958ರಲ್ಲಿ, ಪಾಕಿಸ್ತಾನದಲ್ಲಿ ಅಧಿಕಾರ ಹಿಡಿದ ಸೇನಾ ಮುಖ್ಯಸ್ಥ ಅಯೂಬ್ ಖಾನರ ಸಂಗತಿಯನ್ನು ಸ್ವಲ್ಪ ವಿವರವಾಗಿ ನೋಡು. 1951ರಲ್ಲಿ ಪ್ರಧಾನಿ ಲಿಯಾಖತ್ ಅಲಿ ಖಾನರ ಹತ್ಯೆಯಾದ ಮೇಲೆ ಏಳು ವರ್ಷಗಳಲ್ಲಿ ಪಾಕಿಸ್ತಾನ ಆರು ಮಂದಿ ಪ್ರಧಾನಿಗಳನ್ನು ಕಂಡಿತ್ತು. ಅಂಗಡಿಗಳಲ್ಲಿ ಅಭಾವ, ಗೋದಾಮುಗಳಲ್ಲಿ ದಾಸ್ತಾನು. 1958ರ ಅಕ್ಟೋಬರ್‌ನಲ್ಲಿ ಸೇನಾ ಕಾನೂನು ಬಂದೊಡನೆ ಶಿಕ್ಷೆಗೆ ಹೆದರಿದ ವರ್ತಕರು ಬಚ್ಚಿಟ್ಟ ಮಾಲನ್ನು ಹೊರಹಾಕಿದರು, ಬೆಲೆ ಇಳಿಯಿತು. ಇಳಿದ ಬೆಲೆಯನ್ನು ಕಣ್ಣಾರೆ ಕಂಡ ಗೃಹಸ್ಥನಿಗೆ ಸಂವಿಧಾನ ರದ್ದಾದದ್ದು ದೊಡ್ಡ ಸಂಗತಿಯಾಗಿ ಕಾಣದಿದ್ದರೆ ಅವನನ್ನು ಹೇಗೆ ದೂರುವುದು? ನಮ್ಮ ಕೆರೆಯ ತೂಬು ಎತ್ತಿದ ದಿನ ಕಾಲುವೆ ತುಂಬಿ ಹರಿಯುತ್ತದೆ, ಆದರೆ ಅದು ಮೊದಲೇ ನಿಂತಿದ್ದ ನೀರು. ಹೊಸ ದವಸವನ್ನು ಬಂದೂಕು ಬೆಳೆಯುವುದಿಲ್ಲ. ಹತ್ತು ವರ್ಷದ ನಂತರ ಅದೇ ಅಯೂಬರ ವಿರುದ್ಧ ಜನ ಬೀದಿಗಿಳಿದಾಗ ಅವರ ದೂರುಗಳಲ್ಲಿ ಸಕ್ಕರೆಯ ಬೆಲೆಯೂ ಇತ್ತು.

ನಡುವೆ 1960ರಲ್ಲಿ ಅಯೂಬರು ತಮ್ಮ ಆಡಳಿತಕ್ಕೆ ಜನಮತವನ್ನೂ ಕೇಳಿದ್ದರು. ಕೇಳಿದ್ದು ಸುಮಾರು 80,000 ಸ್ಥಳೀಯ ಪ್ರತಿನಿಧಿಗಳನ್ನು ಮಾತ್ರ, ಶೇ. 95ಕ್ಕೂ ಹೆಚ್ಚು ಒಪ್ಪಿಗೆ ಬಂತು. (ಅಷ್ಟು ಒಪ್ಪಿಗೆ ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೂ ಸಿಗುವುದಿಲ್ಲ.)

ಇನ್ನೊಂದು ಕಾರಣವಿದೆ, ಅದನ್ನು ಒಪ್ಪಿಕೊಳ್ಳಲು ಮನಸ್ಸಿಗೆ ಹಿತವಾಗದು. ಏಟು ಬೀಳುವುದು ಬೇರೆಯವರ ಬೆನ್ನಿಗೆ. ಚಿಲಿಯಲ್ಲಿ 1973ರಿಂದ ಸಾವಿರಾರು ಜನರನ್ನು ಕೊಂದ ಸೇನಾ ಸರ್ವಾಧಿಕಾರಿ ಪಿನೋಷೆಗೆ 1988ರ ಜನಮತ ಸಂಗ್ರಹದಲ್ಲಿ ಸೋಲಾಯಿತು, ನಿಜ. ಆದರೆ ಆಗಲೂ ಶೇ. 44ರಷ್ಟು ಮತದಾರರು ಅವನೇ ಇರಲಿ ಎಂದರು. ದೂರದವರನ್ನು ನೋಡಿ ಬೆರಗಾಗಬೇಡ. ನಮ್ಮಲ್ಲಿ ಸೇನೆ ಆಳಲಿಲ್ಲ, ಆದರೂ ತುರ್ತುಪರಿಸ್ಥಿತಿಯ ನಂತರದ 1977ರ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ದಕ್ಕಿದವು. ದೇವರಾಜ ಅರಸರ ಭೂಸುಧಾರಣೆಯಿಂದ ಗೇಣಿದಾರನಿಗೆ ಜಮೀನು ಸಿಕ್ಕಿತ್ತು. ಬಲವಂತದ ಸಂತಾನಹರಣದ ಹಾವಳಿ ಉತ್ತರದಲ್ಲಿ ನಡೆದಷ್ಟು ಇಲ್ಲಿ ನಡೆದಿರಲಿಲ್ಲ. ಅದನ್ನು ಅನುಭವಿಸಿದ ಉತ್ತರ ಪ್ರದೇಶ ಆ ಪಕ್ಷಕ್ಕೆ ಒಂದು ಸ್ಥಾನವನ್ನೂ ಕೊಡಲಿಲ್ಲ.

ನಿನ್ನ ಸಿಟ್ಟನ್ನು ಬಿಡು ಎಂದು ನಾನು ಹೇಳುವುದಿಲ್ಲ. ಲಂಚ, ಅಲೆದಾಟ, ಶಾಸಕರ ವ್ಯಾಪಾರ ಇವೆಲ್ಲವೂ ಸಿಟ್ಟಿಗೆ ಯೋಗ್ಯವೇ. ಆದರೆ 'ಐದು ವರ್ಷ' ಎಂದೆಯಲ್ಲ, ಆ ಐದನ್ನು ಎಣಿಸುವವರು ಯಾರು? 1977ರಲ್ಲಿ ಉತ್ತರದ ರೈತನ ಕೈಯಲ್ಲಿ ಮತಚೀಟಿಯಾದರೂ ಇತ್ತು. ಈಜಿಪ್ಟಿನ 'ಏಪ್ರಿಲ್ 6' ಎಂಬ ಯುವಜನರ ಚಳವಳಿಯವರು 2013ರಲ್ಲಿ ಅಧ್ಯಕ್ಷ ಮೋರ್ಸಿ ತೊಲಗಲೆಂದು ಬೀದಿಗಿಳಿದಿದ್ದರು. ಜುಲೈ 3ರಂದು ಸೇನೆ ಮೋರ್ಸಿಯನ್ನು ಕಿತ್ತೊಗೆಯಿತು. ನವೆಂಬರ್‌ನಲ್ಲಿ ಪ್ರತಿಭಟನೆಗೆ ಕಡಿವಾಣ ಹಾಕುವ ಕಾನೂನು ಬಂತು. ಡಿಸೆಂಬರ್‌ನಲ್ಲಿ ಆ ಚಳವಳಿಯ ಸ್ಥಾಪಕರಲ್ಲೊಬ್ಬರಾದ ಅಹಮದ್ ಮಾಹೆರ್‌ಗೆ ಮೂರು ವರ್ಷ ಜೈಲಾಯಿತು.

ಇತಿ ನಿನ್ನ
ದೊಡ್ಡಪ್ಪ