ಗೋಳಗುಮ್ಮಟ ನೋಡಿ ಹಾಗೇ ಹೊರಟುಬಿಡಬೇಡಿ

ಮಾನ್ಯ ಸಂಪಾದಕರೇ,

ವಿಜಯಪುರಕ್ಕೆ ಬರುವ ಪ್ರವಾಸಿಗರಲ್ಲಿ ಜಾಸ್ತಿ ಜನ ಗೋಳಗುಮ್ಮಟ ಹತ್ತಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಜೋರಾಗಿ ಕೂಗಿ, ಇಳಿದು ಬಸ್ ಹತ್ತುತ್ತಾರೆ. ಅಲ್ಲಿ ಕೂಗುವುದೇ ಬೇಡ. ಗೋಡೆಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಮಾತಾಡಿದರೆ ಎದುರು ಬದಿಯಲ್ಲಿ ನಿಂತವರಿಗೆ ಚೆನ್ನಾಗಿ ಕೇಳುತ್ತದೆ. ಎಲ್ಲರೂ ಒಟ್ಟಿಗೆ ಕಿರುಚಿದರೆ ಯಾರಿಗೂ ಏನೂ ಕೇಳಿಸದು. ಅದಕ್ಕೇ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು.

ಆದಿಲ್‌ಶಾಹಿಗಳ ರಾಜಧಾನಿ ಅಂದರೆ ಗುಮ್ಮಟ ಒಂದೇ ಅಲ್ಲ ಅಲ್ವಾ? ಊರಿನ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾ ಎಂಬ ಸಮಾಧಿ ನನ್ನ ಮಟ್ಟಿಗೆ ಗುಮ್ಮಟಕ್ಕಿಂತ ಚೆಂದ. ಅಲ್ಲಿನ ಕಿಟಕಿಗಳ ಹತ್ತಿರ ನಿಂತು ನೋಡಿ, ಕಲ್ಲಿನ ಜಾಲರಿಯನ್ನೇ ಅಕ್ಷರಗಳಾಗಿ ಕೊರೆದಿದ್ದಾರೆ, ಆ ಅಕ್ಷರಗಳ ಸಂದಿಯಿಂದಲೇ ಒಳಗೆ ಬೆಳಕು ಬೀಳುತ್ತದೆ. ಮಲಿಕ್-ಎ-ಮೈದಾನ್ ಎಂಬ ಫಿರಂಗಿಯ ಬಾಯಿಯನ್ನೂ ಸುಮ್ನೆ ಫೋಟೊ ತೆಗೆದು ಬಿಡಬೇಡಿ. ಬಾಯಿ ತೆರೆದ ಸಿಂಹ, ಅದರ ಹಲ್ಲುಗಳ ನಡುವೆ ಸಿಕ್ಕಿಬಿದ್ದ ಆನೆ, ಎರಡರ ಆಕಾರವೂ ಅಲ್ಲಿದೆ. ಹತ್ತಿರದಲ್ಲೇ 1584ರ ಉಪ್ಪಲಿ ಬುರುಜು. ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲು ಹತ್ತಿದರೆ ಇಡೀ ಊರು ಕಾಣುತ್ತದೆ. ಕಟ್ಟಿ ಮುಗಿಯದೇ ನಿಂತ ಸಮಾಧಿ ಬಾರಾ ಕಮಾನ್ ಕೂಡ ಊರೊಳಗೇ ಇದೆ.

ಸಮಸ್ಯೆ ಏನೆಂದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಹೊಸಬರಿಗೆ ಗೊತ್ತಾಗುವುದಿಲ್ಲ, ಆಟೋದವರು ಹೇಳಿದ್ದೇ ದರ. ಗುಮ್ಮಟದ ಗೇಟಿನಿಂದ ಈ ಜಾಗಗಳಿಗೆಲ್ಲ ಸುತ್ತುವ ಒಂದು ಸಣ್ಣ ಬಸ್, ಕನ್ನಡದಲ್ಲಿ ಒಂದು ನಕ್ಷೆಯ ಫಲಕ, ಕುಡಿಯುವ ನೀರು, ಇಷ್ಟನ್ನು ಸಂಬಂಧಪಟ್ಟವರು ಬೇಸಿಗೆ ರಜೆಗೆ ಮೊದಲೇ ಮಾಡಿಕೊಡಲಿ.

– ಒಬ್ಬ ಓದುಗ, ವಿಜಯಪುರ